ದಿವಾಳಿಯೂ ಭೂಮಿಯ ಋಣವೂ

ಬಂಟವಾಳದಿಂದ ಬೆಳ್ತಂಗಡಿಗೂ ಅಲ್ಲಿಂದ ವೇಣೂರಿನ ಮೇಲಾಗಿ ಮೂಡಬಿದಿರೆಗೂ ಹೋಗುವವರಿಗೆ, ದಾರಿಯ ಆಚೀಚೆ ಗುಡ್ಡದ ನೆತ್ತಿಗಳಲ್ಲಿ ಗೋಡೆ ಎತ್ತಿದಂತೆ ನೆಟ್ಟಗೆ ಕಡಿದು ತೆಗೆದ ಚೌಕವಾದ ಹೊಂಡಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಇವು ಮುರಕಲ್ಲಿನ, ಎಂದರೆ ಕೆಂಪುಕಲ್ಲಿನ, ಕೋರೆಗಳು. ನೆಲದೊಳಗಿರುವಾಗ ಕೈಯಾಯುಧಗಳಿಂದ ಕಡಿಯುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುವ ಈ ಕಲ್ಲು ತುಳುನಾಡಿನ ಮನೆ, ಗುತ್ತು, ದೈವಸ್ಥಾನ, ಬಸದಿಗಳ ಗೋಡೆ ಪ್ರಾಕಾರಗಳಿಗೆ ಬಹುಕಾಲದಿಂದ ಒದಗಿಬಂದಿದೆ. 1800-01ರಲ್ಲಿ ಮೈಸೂರು, ಕನ್ನಡ, ಮಲೆಯಾಳ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದವನ್ನು ಹಿಡಿದು, ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಆತನು ಹೆಸರಿಡುವಾಗ ಮುಂದಿಟ್ಟುಕೊಂಡದ್ದು ಮಲಬಾರಿನ ಅಂಗಡಿಪುರದ ಕಲ್ಲಾದರೂ ಕಲ್ಲಿನ ಜಾತಿ ಒಂದೆ.

ಹಿಂದೆ ಮನೆಯೊಂದಕ್ಕೆ ಬೇಕಾದ ಕಲ್ಲನ್ನು ಮನೆಯ ಹಿಂದಣ ಗುಡ್ಡದಿಂದಲೇ ಕಡಿಯುತ್ತಿದ್ದರು. ಉಳಿದ ಗುಂಡಿ ಸಣ್ಣದಾಗಿದ್ದು, ಎಷ್ಟೋ ವೇಳೆ ಬಾವಿಯಾಗಿಯೋ ಕೆರೆಯಾಗಿಯೋ ಉಪಯೋಗಕ್ಕೆ ಬರುತ್ತಿತ್ತು. ಯಂತ್ರದ ಗರಗಸ ಬಂದಮೇಲೆ ಸ್ಥಿತಿ ಬೇರೆಯಾಯಿತು. ಮೇಲುಮಣ್ಣನ್ನು ಒತ್ತಟ್ಟಿಗೆ ದೂಡಿ, ಸಾಲುಸಾಲಾಗಿ ಕಲ್ಲು ಕೊಯ್ದು, ಅಡಿಯಲ್ಲಿ ಜೇಡಿಮಣ್ಣು ಸಿಕ್ಕಿದ ಕೂಡಲೆ ಯಂತ್ರವನ್ನು ಮುಂದಿನ ಗುಡ್ಡಕ್ಕೆ ಸಾಗಿಸುವುದು ಈಗಿನ ರೂಢಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಅಂಥ ಹೊಂಡವು ಆಷಾಢ ಮಾಸದೊಳಗೆ ತುಂಬಿ ನಿಲ್ಲುತ್ತದೆ. ಬದಿಗೆ ಮೆಟ್ಟಿಲಿಲ್ಲ, ಸುತ್ತ ಬೇಲಿಯಿಲ್ಲ, ಆಳ ಹೊರಗಿನಿಂದ ತಿಳಿಯದು. ಈಜಲು ಇಳಿದ ಮಕ್ಕಳು ಮೇಲೆ ಬಾರದೆ ಹೋದ ವರ್ತಮಾನ ಜಿಲ್ಲೆಯ ಪತ್ರಿಕೆಗಳಲ್ಲಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುವುದು ಇದರಿಂದಲೆ.

ಹೊಂಡವನ್ನು ತುಂಬಿಸುವ ಇಲ್ಲವೆ ಬೇಲಿ ಹಾಕುವ ಭಾರ ತೋಡಿದವನದು ಎಂಬುದರಲ್ಲಿ ಯಾರಿಗೂ ಸಂದೇಹವಿರಲಾರದು. ಆದರೆ ತೋಡಿದವನು ದಿವಾಳಿಯಾಗಿದ್ದರೆ? ಆತನ ಆಸ್ತಿಯನ್ನು ಸಾಲಗಾರರಿಗೆ ಹಂಚಲು ನ್ಯಾಯಸ್ಥಾನದಿಂದ ನೇಮಕವಾದವನು, ಮಾರಾಟವಾಗತಕ್ಕುದನ್ನು ಮಾರಿ, ಕೆಟ್ಟುಹೋದ ನೆಲವನ್ನು ಮಾತ್ರ "ಇದು ಬೇಡ" ಎಂದು ಬಿಟ್ಟುಬಿಡಬಹುದೆ? ಬಿಟ್ಟರೆ ಅದು ಯಾರ ಕೊರಳಿಗೆ ಬೀಳುತ್ತದೆ? ಈ ಪ್ರಶ್ನೆಗೆ ಅಮೆರಿಕ, ಇಂಗ್ಲೆಂಡು, ಸ್ಕಾಟ್ಲೆಂಡು, ಕೆನಡ ದೇಶಗಳ ನ್ಯಾಯಾಲಯಗಳು ಕಳೆದ ನಾಲ್ಕು ದಶಕಗಳಲ್ಲಿ ಒಂದಕ್ಕೊಂದು ಒಪ್ಪದ ಉತ್ತರಗಳನ್ನು ಕೊಟ್ಟಿವೆ. ಕರ್ಣಾಟಕದಲ್ಲಿಯೂ ಈ ಪ್ರಶ್ನೆ, ಅಷ್ಟು ಸ್ಪಷ್ಟವಾದ ರೂಪದಲ್ಲಿ ಅಲ್ಲದಿದ್ದರೂ, ಕೋಲಾರದಲ್ಲಿ, ಬಳ್ಳಾರಿಯಲ್ಲಿ, ಬೆಳ್ತಂಗಡಿಯ ತಲೆಯ ಮೇಲಿರುವ ಕುದುರೆಮುಖದಲ್ಲಿ ಎದ್ದಿದೆ.

ಮೊದಲು ಶಬ್ದಗಳ ವಿಚಾರ. ಸಾಲ ತೀರಿಸಲಾರದ ವರ್ತಕನು ಹಗಲು ಹೊತ್ತಿನಲ್ಲಿ ಅಂಗಡಿಯ ಮುಂದೆ ದೀಪ ಹಚ್ಚಿಡುತ್ತಿದ್ದನೆಂದೂ ಅದರಿಂದಲೇ ದಿವಾಳಿಯೆಂಬ ಮಾತು ಹುಟ್ಟಿತೆಂದೂ ಹೇಳುವುದುಂಟು. ಈ ವ್ಯುತ್ಪತ್ತಿ ಮನೋಹರವಾದುದೆಂಬುದರಿಂದಲೇ ಅದನ್ನು ನಂಬಬೇಕಾಗಿಲ್ಲ. ಜನರ ಬಾಯಲ್ಲಿ ಹೆಚ್ಚು ಓಡಾಡುವ ಮಾತು ಪಾಪರ್. ಇದು ಬಡವನೆಂಬರ್ಥದ ಇಂಗ್ಲಿಷ್ ಕೋರ್ಟುಶಬ್ದ. ಪಾಪರ್ ಚೀಟಿ ಪಡೆದವನೆಂದರೆ ಇನ್ನು ಸಾಲಿಗರು ಮುಟ್ಟಲಾಗದವನು ಎಂದು ನಮ್ಮಲ್ಲಿ ರೂಢಿಯಾಯಿತು. ಕೇಳುವವರ ಕಿವಿಗೆ ಅದರಲ್ಲಿ 'ಪಾಪ'ದ ಧ್ವನಿಯೂ ಸೇರಿ, ಮರುಕವೂ ಮೂದಲೆಯೂ ಒಂದೇ ಮಾತಿನಲ್ಲಿ ಕೂಡಿಕೊಂಡವು. ಭೂಮಿಯನ್ನು ಬಿಟ್ಟುಕೊಡುವುದಕ್ಕೆ ರೆವಿನ್ಯೂ ಕಾಗದಪತ್ರಗಳಲ್ಲಿದ್ದ ಹೆಸರು ರಾಜೀನಾಮೆ. ತೀರ್ವೆ ಕಟ್ಟಲಾರದ ರೈತನು ರಾಜೀನಾಮೆ ಕೊಟ್ಟರೆ ನೆಲ ಸರಕಾರಕ್ಕೆ ಮರಳುತ್ತಿತ್ತು, ಇನ್ನೊಬ್ಬನು ಬಂದು ಕಬೂಲಾಯತಿ ಬರೆದುಕೊಡುತ್ತಿದ್ದನು. ಆ ಕ್ರಮದ ಹಿಂದಿದ್ದ ಊಹೆಯೇನೆಂದರೆ, ಬಿಟ್ಟ ನೆಲ ಬೇಸಾಯಕ್ಕೆ ತಕ್ಕ ನೆಲವಾಗಿಯೇ ಉಳಿದಿರುವುದೆಂಬುದು. ಪ್ರಕೃತ ವಿಷಯದಲ್ಲಿ ಕುಸಿದುಬೀಳುವುದು ಈ ಊಹೆಯೆ.

ಧರ್ಮಶಾಸ್ತ್ರಕಾರರು ಋಣವನ್ನು ಬಹು ಸೂಕ್ಷ್ಮವಾಗಿ ವಿಭಾಗಿಸಿದ್ದಾರೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ, ಒಬ್ಬನ ಸ್ವತ್ತನ್ನು ಯಾರು ಸ್ವೀಕರಿಸುವರೋ ಅವರು ಆತನ ಸಾಲವನ್ನೂ ತೀರಿಸಬೇಕು. ಆದರೆ ತಂದೆಯು ಕುಡಿತಕ್ಕೂ ಜೂಜಿಗೂ ಮಾಡಿದ ಸಾಲವನ್ನು ಮಗನು ಕೊಡಬೇಕಾಗಿಲ್ಲ. ಕಟ್ಟದೆ ಉಳಿದ ದಂಡ ಶುಲ್ಕಗಳನ್ನೂ ಕೊಡಬೇಕಾಗಿಲ್ಲ. ಎಂದರೆ ಸಾಲವು ಸ್ವತ್ತಿನ ಬೆನ್ನು ಹತ್ತಿ ಹೋಗುವುದು, ದಂಡವು ತಪ್ಪು ಮಾಡಿದವನ ಮೈಗೆ ಅಂಟಿ ಆತನೊಡನೆ ಮುಗಿಯುವುದು. ಇವೆರಡರ ಹೊರಗೆ ಮೂರನೆಯ ಬಗೆಯೊಂದಿದೆ: ಗಡಿ, ನೀರಿನ ಕಟ್ಟೆ ಮೊದಲಾದುವುಗಳ ವಿಚಾರದಲ್ಲಿ ಹೇಳಿದ ವಿಧಿಗಳು ಒಡೆಯನು ಯಾರೆಂಬುದನ್ನು ನೋಡದೆ ನೆಲವನ್ನೇ ಹಿಡಿಯುತ್ತವೆ. ಕೆಡಿಸಿದ ಭೂಮಿಯನ್ನು ಸರಿಪಡಿಸುವ ಭಾರವು ಈ ಮೂರರಲ್ಲಿ ಯಾವುದು? ಸಾಲವೆಂದರೆ ಅದು ಉಳಿದ ಸಾಲಿಗರ ಸಾಲಿನಲ್ಲಿ ಕೊನೆಗೆ ನಿಂತು ರೂಪಾಯಿಗೆ ನಾಲ್ಕು ಕಾಸು ಪಡೆಯುತ್ತದೆ. ದಂಡವೆಂದರೆ ಕಂಪೆನಿ ಮುಗಿದೊಡನೆ ಮುಗಿಯುತ್ತದೆ. ನೆಲಕ್ಕೆ ಅಂಟಿದ ಧರ್ಮವೆಂದರೆ ನೆಲವನ್ನು ಕೈಯಲ್ಲಿ ಹಿಡಿದವನು, ಆತನು ನ್ಯಾಯಸ್ಥಾನದ ಅಧಿಕಾರಿಯೇ ಆಗಲಿ, ಅದನ್ನು ನಡೆಯಿಸಲೇಬೇಕು. ಮುಂದೆ ಹೇಳುವ ತೀರ್ಪುಗಳೆಲ್ಲ ತಮಗೆ ಅರಿವಿಲ್ಲದೆಯೆ ಈ ಹಳೆಯ ಕವಲುದಾರಿಯಲ್ಲಿ ನಿಂತಂಥವು.

ಬೇಡವಾದ ಸ್ವತ್ತನ್ನು ಬಿಟ್ಟುಬಿಡುವ ಅಧಿಕಾರವು ಇಂಗ್ಲಿಷ್ ನ್ಯಾಯದಿಂದ ಬಂದುದು. ದಿವಾಳಿಯಾದವನ ಹೆಸರಿನಲ್ಲಿ ದುಬಾರಿ ಗೇಣಿಯ ಮನೆಯೊಂದಿದ್ದರೆ, ಅದನ್ನು ಹಿಡಿದುಕೊಂಡಷ್ಟೂ ಸಾಲಿಗರ ಪಾಲು ಕರಗುವುದಷ್ಟೆ. ಅದುಕಾರಣ 1869ರ ಇಂಗ್ಲೆಂಡಿನ ದಿವಾಳಿ ಶಾಸನದಲ್ಲಿ ಇಂಥ ಭಾರವನ್ನು ಕಳಚಿಹಾಕಲು ಟ್ರಸ್ಟಿಗೆ ಅಧಿಕಾರ ದೊರೆಯಿತು. ಭಾರತದ 1956ರ ಕಂಪೆನಿ ಶಾಸನದ 535ನೆಯ ಕಲಮು ಅದೇ ಮಾತನ್ನು ಹೇಳಿತು: ಹೊರೆಯಾದ ಕರಾರುಗಳುಳ್ಳ ಭೂಮಿಯನ್ನೂ ಲಾಭವಿಲ್ಲದ ಒಪ್ಪಂದಗಳನ್ನೂ ಸಮಾಪಕನು ನ್ಯಾಯಾಲಯದ ಅನುಮತಿ ಪಡೆದು ಹನ್ನೆರಡು ತಿಂಗಳೊಳಗೆ ಪರಿತ್ಯಾಗ ಮಾಡಬಹುದು. 2016ರ ದಿವಾಳಿ ಸಂಹಿತೆಯ ಅಡಿಯಲ್ಲಿ ಹೊರಟ ಸಮಾಪನ ವಿನಿಯಮಗಳ 10ನೆಯ ವಿನಿಯಮದಲ್ಲಿಯೂ ಈ ಅಧಿಕಾರವಿದೆ. ಅವಧಿ ಮಾತ್ರ ಆರು ತಿಂಗಳು. ಈ ವಿಧಿಗಳನ್ನು ಬರೆದವರ ಮನಸ್ಸಿನಲ್ಲಿದ್ದುದು ಗೇಣಿ ಚೀಟಿ. ವಿಷಬೆರೆತ ಮಣ್ಣು, ಕುಸಿಯುವ ಸುರಂಗ, ನೀರು ತುಂಬಿದ ಕೋರೆ ಅವರ ಕಣ್ಣಮುಂದಿರಲಿಲ್ಲ. ಆದರೂ ಶಾಸನದ ಮಾತು ಅವುಗಳನ್ನು ಹೊರಗಿಡುವುದಿಲ್ಲ.

ಕೋಲಾರದ ಚಿನ್ನದ ಗಣಿಗಳ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಅಲ್ಲಿ ಕೆಲಸ ತೊಡಗಿದರು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಅಲ್ಲಿಗೆ ಹರಿಯಿತು. ಗಣಿಗಳು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದುವು. 1956ರಲ್ಲಿ ಮೈಸೂರು ಸರಕಾರವೂ 1962ರಲ್ಲಿ ಕೇಂದ್ರ ಸರಕಾರವೂ ಅವನ್ನು ವಹಿಸಿಕೊಂಡುವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಈ ಚಿನ್ನ ಎಲ್ಲಿ ಹೋಯಿತೆಂಬುದನ್ನು ಹುಡುಕುವುದು ಕಷ್ಟ. ಚಿನ್ನ ತೆಗೆದು ಉಳಿದ ಮಣ್ಣು ಎಲ್ಲಿ ಹೋಯಿತೆಂಬುದನ್ನು ಹುಡುಕಬೇಕಾಗಿಲ್ಲ, ಅದು ಊರಿನ ನಡುವೆ ಗುಡ್ಡಗಳಾಗಿ ನಿಂತಿದೆ.

ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ಬೆರೆಸಿದ ನೀರಿನಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸುವ ವಿಧಾನವು 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟು, ಕೆಲವೇ ವರ್ಷಗಳಲ್ಲಿ ಕೋಲಾರಕ್ಕೆ ಬಂದಿತು. ಚಿನ್ನ ಹೋದ ಮೇಲೆ ಉಳಿದ ಬೂದುಬಣ್ಣದ ನುಣ್ಣನೆಯ ಮರಳನ್ನು ಒಂದೆಡೆ ಸುರಿದರು. ಅದಕ್ಕೆ ಜನರು ಸಯನೈಡ್ ಗುಡ್ಡ ಎಂದೇ ಹೆಸರಿಟ್ಟರು. ಸಯನೈಡು ಬಿಸಿಲಿಗೂ ಗಾಳಿಗೂ ಬಿದ್ದು ಕಾಲಕ್ರಮದಲ್ಲಿ ಒಡೆದುಹೋಗತಕ್ಕ ವಸ್ತು. ಉಳಿಯುವ ಕೇಡು ಬೇರೆ: ಬೇಸಗೆಯ ಗಾಳಿಗೆ ಎದ್ದು ಮನೆಮನೆಗೆ ನುಗ್ಗುವ ಸಿಲಿಕದ ಧೂಳು, ಮಳೆಗಾಲದಲ್ಲಿ ಕೊಚ್ಚಿಹೋಗಿ ಕೆರೆ ಹೊಲಗಳಲ್ಲಿ ಕೂರುವ, ಹುಲ್ಲೂ ಸರಿಯಾಗಿ ಬೆಳೆಯದ ಮಣ್ಣು. ಇಂಥ ಗುಡ್ಡಗಳು 13. ಅವುಗಳ ವಿಸ್ತಾರ ಸುಮಾರು 1,003 ಎಕರೆ. ಅಲ್ಲಿರುವ ಮಣ್ಣು ಸುಮಾರು 3.3 ಕೋಟಿ ಟನ್. 2018ರಲ್ಲಿ ಆ ಊರಿನ ಹೆಸರಿನ ಚಲಚ್ಚಿತ್ರ ಬಂದಮೇಲೆ ಹೆಸರು ದೇಶವೆಲ್ಲ ಹರಡಿತು; ಧೂಳು ಮಾತ್ರ ಇದ್ದಲ್ಲಿಯೇ ಇದೆ.

ಕಂಪೆನಿ ನಷ್ಟದಲ್ಲಿ ಮುಳುಗಿದ್ದರಿಂದ 1992ರಲ್ಲಿ ಅದನ್ನು ರೋಗಗ್ರಸ್ತ ಕೈಗಾರಿಕೆಗಳ 1985ರ ಶಾಸನದಂತೆ ಪುನರ್ನಿರ್ಮಾಣ ಮಂಡಲಿಯ ಮುಂದೆ ಒಯ್ಯಲಾಯಿತು. ಈಗ ರದ್ದಾಗಿರುವ ಆ ಶಾಸನದ 22ನೆಯ ಕಲಮು, ವಿಚಾರಣೆ ನಡೆಯುವಷ್ಟು ಕಾಲ ರೋಗಗ್ರಸ್ತ ಕಂಪೆನಿಯ ಮೇಲೆ ವಸೂಲಿ ನಡೆಯದಂತೆ ತಡೆಯುತ್ತಿತ್ತು. 2000ದ ಜೂನ್ ತಿಂಗಳಲ್ಲಿ ಮಂಡಲಿಯು ಕಂಪೆನಿಯನ್ನು ಸಮಾಪನ ಮಾಡುವುದೇ ಲೇಸೆಂದು ಅಭಿಪ್ರಾಯಪಟ್ಟಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಪಂಪುಗಳು ನಿಂತುವು, ಸುರಂಗಗಳಲ್ಲಿ ನೀರೇರಿತು. ಆಮೇಲಿನ ಎರಡು ದಶಕಗಳಿಗೂ ಮೀರಿದ ವ್ಯವಹಾರದಲ್ಲಿ ಮಾತಾದದ್ದು ಕಾರ್ಮಿಕರ ಬಾಕಿ, ಮನೆಗಳ ಹಕ್ಕು, ಗಣಿಯ ಮಾರಾಟ. 2013ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾಗತಿಕ ಟೆಂಡರು ಕರೆಯಲು ಅನುವು ಮಾಡಿಕೊಟ್ಟಿತು. 2024ರ ಜೂನ್ ತಿಂಗಳಲ್ಲಿ ರಾಜ್ಯ ಮಂತ್ರಿಮಂಡಲವು ಆ 13 ಗುಡ್ಡಗಳ ಮಣ್ಣನ್ನು ಹರಾಜು ಹಾಕುವ ಕೇಂದ್ರದ ಸೂಚನೆಗೆ ಒಪ್ಪಿಗೆಯಿತ್ತಿತು; ಏಕೆಂದರೆ ಚಿನ್ನದ ಬೆಲೆ ಏರಿದ್ದರಿಂದ ಆ ಮಣ್ಣಿನಲ್ಲಿ ಉಳಿದಿರುವ ಚೂರುಪಾರು ಚಿನ್ನವೂ ತೆಗೆಯತಕ್ಕ ಸ್ವತ್ತಾಗಿ ಕಾಣತೊಡಗಿತು.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಒಂದೇ ಗುಡ್ಡವು ಚಿನ್ನದ ಬೆಲೆ ಇಳಿದಾಗ ಹೊರೆ, ಏರಿದಾಗ ಆಸ್ತಿ. ಹೀಗಿರಲು, ಯಾವುದೋ ಒಂದು ವರ್ಷದ ಬೆಲೆಯನ್ನು ನೋಡಿ ಇದು ಹೊರೆಯಾದ ಸ್ವತ್ತೆಂದು ಶಾಶ್ವತವಾಗಿ ಕಳಚಿಕೊಳ್ಳಲು ಬಿಡುವುದು ವಿವೇಕವೆನಿಸಲಾರದು. ಹಾಗೆಯೆ, ಮುಂದೆ ಬೆಲೆ ಬರಬಹುದೆಂದು ಕಾಯುತ್ತ ಧೂಳನ್ನು ಹಾಗೆಯೆ ಬಿಡುವುದೂ ನ್ಯಾಯವಲ್ಲ. ಎರಡನೆಯದು ಇನ್ನೂ ಮುಖ್ಯ. ಕೋಲಾರದ ಮಣ್ಣಿನ ದಿಬ್ಬಗಳು ಊರವರ ಪಾಲಿಗೆ ಅನಾಥವಾದುದು ಯಾವ ಪರಿತ್ಯಾಗಪತ್ರದಿಂದಲೂ ಅಲ್ಲ. ಒಡೆಯನ ಹೆಸರು ಕಾಗದದಲ್ಲಿ ಉಳಿಯಿತು, ಒಡೆತನದ ಕೆಲಸ ನಿಂತಿತು. ಪರಿತ್ಯಾಗಕ್ಕೆ ಅರ್ಜಿ ಬಂದರೆ ಎದುರಾಡುವುದಕ್ಕೊಂದು ದಿನ ಗೊತ್ತಾಗುತ್ತದೆ. ಸದ್ದಿಲ್ಲದ ಪರಿತ್ಯಾಗಕ್ಕೆ ಅಂಥ ದಿನವಿಲ್ಲ.

ಅರ್ಜಿ ಬಂದ ಮೊಕದ್ದಮೆಗಳನ್ನು ಹೊರದೇಶಗಳಲ್ಲಿ ನೋಡಬೇಕು. ಅಮೆರಿಕದಲ್ಲಿ ಕ್ವಾಂಟ ರಿಸೋರ್ಸಸ್ ಎಂಬ ಕಂಪೆನಿ ಉಪಯೋಗಿಸಿ ಬಿಟ್ಟ ಎಣ್ಣೆಯನ್ನು ಸಂಸ್ಕರಿಸುತ್ತಿತ್ತು. ಅದು ದಿವಾಳಿಯಾದಾಗ ನ್ಯೂಜೆರ್ಸಿಯ ಎಡ್ಜ್‌ವಾಟರಿನಲ್ಲಿ ವಿಷಬೆರೆತ ಎಣ್ಣೆ ನಾಲ್ಕು ಲಕ್ಷ ಗ್ಯಾಲನಿಗೂ ಹೆಚ್ಚು ಇತ್ತು. ನ್ಯೂಯಾರ್ಕಿನಲ್ಲಿ ಸೋರುವ ಪೀಪಾಯಿಗಳಲ್ಲಿ ಇನ್ನೂ 70,000 ಗ್ಯಾಲನ್. ಸ್ಥಳದ ಬೆಲೆಗಿಂತ ಶುದ್ಧಿಯ ಖರ್ಚು ಹೆಚ್ಚೆಂದು ಟ್ರಸ್ಟಿಯು ಅದನ್ನು ಬಿಟ್ಟುಬಿಟ್ಟನು. ನ್ಯೂಯಾರ್ಕಿನಲ್ಲಿ ಕಾವಲನ್ನೂ ಬೆಂಕಿ ಆರಿಸುವ ಏರ್ಪಾಟನ್ನೂ ತೆಗೆದುಹಾಕಿದನು. ನಗರದವರು ತಮ್ಮ ಹಣ ಸುರಿದು ಶುಚಿಮಾಡಬೇಕಾಯಿತು. 1986ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆಯಾಗಿ, ಜನರ ಆರೋಗ್ಯವನ್ನೂ ಕ್ಷೇಮವನ್ನೂ ಕಾಯಲು ಮಾಡಿದ ಶಾಸನವನ್ನು ಮೀರಿ ಟ್ರಸ್ಟಿಯು ಸ್ವತ್ತನ್ನು ಪರಿತ್ಯಜಿಸಕೂಡದೆಂದು ತೀರ್ಪಿತ್ತಿತು. ಆದರೆ ಇದೇ ಕೋರ್ಟು ಹಿಂದಿನ ವರ್ಷವಷ್ಟೇ, ಶುಚಿಗೊಳಿಸುವ ಆಜ್ಞೆಯು ಹಣ ಕೊಡುವ ಆಜ್ಞೆಯಾಗಿ ಮಾರ್ಪಟ್ಟರೆ ಅದು ಇತರ ಸಾಲಗಳಂತೆ ದಿವಾಳಿಯಲ್ಲಿ ಮನ್ನಾ ಆಗತಕ್ಕುದೆಂದಿತ್ತು. ಮಾಡು ಎಂಬ ಮಾತು ಕೊಡು ಎಂಬ ಮಾತಾದ ಕ್ಷಣದಲ್ಲಿ ಧರ್ಮವು ಋಣವಾಗಿ ಇಳಿಯುವುದೆಂದು ಇದರ ತಾತ್ಪರ್ಯ.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು 1999ರಲ್ಲಿ ಕೆಲ್ಟಿಕ್ ಎಕ್ಸ್‌ಟ್ರಾಕ್ಷನ್ ಎಂಬ ಕಂಪೆನಿಯ ಪ್ರಕರಣದಲ್ಲಿ ತದ್ವಿರುದ್ಧ ದಾರಿ ಹಿಡಿಯಿತು. ಕಸ ಸುರಿಯುವ ಪರವಾನಗಿಯೂ ಸ್ವತ್ತೆ. ಹೊರೆಯಾದರೆ ಸಮಾಪಕನು ಅದನ್ನು ಕಳಚಬಹುದು. ಕೆಡಿಸಿದವನೇ ತೆರಬೇಕೆಂಬ ತತ್ತ್ವ ಸರಿಯಾದರೂ, ದಿವಾಳಿಯಲ್ಲಿ ತೆರುವವನು ಕೆಡಿಸಿದವನಲ್ಲ, ಆತನಿಗೆ ಸಾಲ ಕೊಟ್ಟ ನಿರಪರಾಧಿ. ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಸಾಲಿಗರೆಂದರೆ ಬ್ಯಾಂಕುಗಳಷ್ಟೇ ಅಲ್ಲ. ಕೋಲಾರದಲ್ಲಿ ಸುರಂಗಕ್ಕಿಳಿದು ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿಕೊಂಡ ಕಾರ್ಮಿಕನೂ ತನ್ನ ಬಾಕಿಯ ಮಟ್ಟಿಗೆ ಸಾಲಿಗನೆ. ಗುಡ್ಡವನ್ನು ಮೊದಲು ಸರಿಪಡಿಸಬೇಕೆಂದರೆ ಆತನ ಕೂಲಿಯಿಂದ ಕಡಿಯಬೇಕಾಗಬಹುದು. ಆತನ ಕೂಲಿಯನ್ನು ಮೊದಲು ಕೊಡಬೇಕೆಂದರೆ ಆತನ ಮಕ್ಕಳು ಧೂಳು ಕುಡಿಯಬೇಕಾಗಬಹುದು. 2016ರ ಸಂಹಿತೆಯ 53ನೆಯ ಕಲಮು ಸಮಾಪನದ ಖರ್ಚನ್ನು ಮೊದಲಿಟ್ಟು, ಕಾರ್ಮಿಕರ 24 ತಿಂಗಳ ಬಾಕಿಯನ್ನು ಒತ್ತೆ ಹಿಡಿದ ಸಾಲಿಗರ ಸಮಾನವಾಗಿ ಅದರ ಬೆನ್ನಿಗೇ ನಿಲ್ಲಿಸಿದೆ. ಭೂಮಿಯನ್ನು ಸರಿಪಡಿಸುವುದಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕವಾದ ಸ್ಥಾನವಿಲ್ಲ. ಅದನ್ನು ಸಮಾಪನದ ಖರ್ಚೆಂದು ಎಣಿಸಿದರೆ ಎಲ್ಲಕ್ಕೂ ಮೊದಲು, ಸರಕಾರದ ಬಾಕಿಯೆಂದು ಎಣಿಸಿದರೆ ಬಹುಮಟ್ಟಿಗೆ ಏನೂ ಉಳಿಯದ ತಾಣದಲ್ಲಿ.

ಸ್ಕಾಟ್ಲೆಂಡಿನಲ್ಲಿ 2013ರಲ್ಲಿ ದಿವಾಳಿಯಾದ ಸ್ಕಾಟಿಷ್ ಕೋಲ್ ಕಂಪೆನಿಯ ತೆರೆದ ಕಲ್ಲಿದ್ದಲ ಗಣಿಗಳ ಮೊಕದ್ದಮೆಯಲ್ಲಿ ಕೆಳಗಿನ ನ್ಯಾಯಾಧೀಶನು ಪರಿತ್ಯಾಗಕ್ಕೆ ಒಪ್ಪಿದರೆ, ಅದೇ ವರ್ಷ ಮೇಲಿನ ಪೀಠವು ಒಪ್ಪಲಿಲ್ಲ. ಇವೆಲ್ಲಕ್ಕಿಂತ ತಿಳಿಯಾದ ವಿಚಾರ ಕೆನಡದ ಸುಪ್ರೀಮ್ ಕೋರ್ಟು 2019ರ ಜನವರಿ 31ರಂದು ರೆಡ್‌ವಾಟರ್ ಎಂಬ ಎಣ್ಣೆ ಕಂಪೆನಿಯ ಪ್ರಕರಣದಲ್ಲಿ ಮಾಡಿದ್ದು. ಆಲ್ಬರ್ಟ ಪ್ರಾಂತದ ಆ ಕಂಪೆನಿಗೆ ಎಣ್ಣೆ ಬಾವಿಗಳು ಅನೇಕವಿದ್ದು ಬಹುಪಾಲು ಬತ್ತಿದ್ದುವು. ಎಣ್ಣೆ ಬರುವ ಬಾವಿಗಳನ್ನು ಮಾತ್ರ ಇಟ್ಟುಕೊಂಡು ಮಿಕ್ಕುವನ್ನು ಬಿಡುವುದು ಅಧಿಕಾರಿಯ ಹಂಚಿಕೆ. ನ್ಯಾಯಾಲಯ ಹೇಳಿದ್ದು: ಬಾವಿ ಮುಚ್ಚಿಸುವ ಸರಕಾರಿ ಮಂಡಲಿಯು ಸಾಲಿಗನಲ್ಲ. ಅದು ತನ್ನ ಹಣ ಕೇಳುತ್ತಿಲ್ಲ. ಸಾರ್ವಜನಿಕರಿಗೆ ಸಲ್ಲಬೇಕಾದ ಕರ್ತವ್ಯವನ್ನು ನಡೆಯಿಸುತ್ತಿದೆ. ಬಾವಿ ತೋಡಲು ಪರವಾನಗಿ ಪಡೆದಾಗಲೇ ಅದನ್ನು ಮುಚ್ಚುವ ಹೊಣೆ ಅದರೊಡನೆ ಬಂದಿದ್ದರಿಂದ, ಸಾಲಿಗರು ಹಂಚಿಕೊಳ್ಳತಕ್ಕ ಸ್ವತ್ತು ಮೊದಲಿನಿಂದಲೂ ಆ ಹೊಣೆಯನ್ನು ಕಳೆದು ಉಳಿದಷ್ಟೆ. ಇದು ಮೇಲೆ ಹೇಳಿದ ಮೂರನೆಯ ಬಗೆ. ನೆಲಕ್ಕೆ ಅಂಟಿದ ಧರ್ಮ.

ಭಾರತದಲ್ಲಿ ಕೆಡಿಸಿದವನೇ ತೆರಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ರಾಜಸ್ಥಾನದ ಬಿಛ್ರಿ ಗ್ರಾಮದ ಮೊಕದ್ದಮೆಯಲ್ಲಿಯೂ ತಮಿಳುನಾಡಿನ ಚರ್ಮೋದ್ಯಮದ ಮೊಕದ್ದಮೆಯಲ್ಲಿಯೂ ಸ್ಥಾಪಿಸಿತು. 2010ರ ಹಸಿರು ನ್ಯಾಯಮಂಡಲಿ ಶಾಸನದ 20ನೆಯ ಕಲಮಿನಲ್ಲಿ ಅದು ಅಕ್ಷರರೂಪ ತಾಳಿತು. ಅತ್ತ 2016ರ ದಿವಾಳಿ ಸಂಹಿತೆ ಬೇರೊಂದು ಧ್ಯೇಯವನ್ನು ಹಿಡಿದು ಬಂದಿತು: ಮುಳುಗುವ ಕಂಪೆನಿಯನ್ನು ಹೊಸ ಕೈಗೆ ಒಪ್ಪಿಸಿ ಉಳಿಸುವುದು. ಅದರ 14ನೆಯ ಕಲಮಿನಂತೆ ತಡೆಗಾಲ ನಡೆಯುವಾಗ ಕಂಪೆನಿಯ ಮೇಲೆ ದಾವೆ ವಸೂಲಿಗಳು ನಿಲ್ಲುತ್ತವೆ. 2020ರಲ್ಲಿ ಸೇರಿಸಿದ 32-ಎ ಕಲಮಿನಂತೆ ಹೊಸ ಒಡೆಯನ ಕೈಗೆ ಹೋದ ಕಂಪೆನಿಗೆ ಹಿಂದಿನ ಅಪರಾಧಗಳ ಬಾಧೆಯಿಲ್ಲ. 2021ರ ಏಪ್ರಿಲ್ 13ರ ಸರ್ವೋಚ್ಚ ತೀರ್ಪಿನಂತೆ, ಒಪ್ಪಿಗೆಯಾದ ಪರಿಹಾರ ಯೋಜನೆಯಲ್ಲಿ ಸೇರದ ಹಕ್ಕುಬಾಕಿಗಳು, ಸರಕಾರದವು ಕೂಡ, ನಂದಿಹೋಗುತ್ತವೆ. ಸಾಲ ಮನ್ನಾ ಆಗುವುದು ಸರಿ, ಅಪರಾಧ ಕ್ಷಮಿಸಲ್ಪಡುವುದೂ ಒಂದು ನೀತಿ. ಆದರೆ ಹೊಂಡವು ಸಾಲವೂ ಅಲ್ಲ, ಅಪರಾಧವೂ ಅಲ್ಲ. ಅದು ಅಲ್ಲಿಯೇ ಇರುತ್ತದೆ.

ಕರ್ಣಾಟಕದ ಒಂದು ಗಣಿಯ ವಿಚಾರದಲ್ಲಿ ಈ ಎರಡು ಶಾಸನಗಳು ಮುಖಾಮುಖಿಯಾದುವು. ಟಿಫಿನ್ಸ್ ಬೆರೈಟ್ಸ್ ಎಂಬ ಕಂಪೆನಿ 2018ರಲ್ಲಿ ದಿವಾಳಿಯ ವಿಚಾರಣೆಗೆ ಒಳಗಾದಾಗ, ನಿಯಮಗಳ ಉಲ್ಲಂಘನೆಯ ಕಾರಣದಿಂದ ಗಣಿಯ ಗುತ್ತಿಗೆಯನ್ನು ಮುಂದುವರಿಸಲು ರಾಜ್ಯ ಸರಕಾರ ಒಪ್ಪಲಿಲ್ಲ. ಗುತ್ತಿಗೆಯನ್ನು ಬರೆದುಕೊಡಬೇಕೆಂದು ಚೆನ್ನೈಯ ಕಂಪೆನಿ ನ್ಯಾಯಮಂಡಲಿ ಆಜ್ಞೆ ಮಾಡಿತು. 2019ರ ಡಿಸೆಂಬರ್ 3ರಂದು ಸರ್ವೋಚ್ಚ ನ್ಯಾಯಾಲಯವು, ಗಣಿಶಾಸನದಂತೆ ಸಾರ್ವಜನಿಕ ಹಿತಕ್ಕಾಗಿ ಸರಕಾರ ಮಾಡಿದ ನಿರ್ಣಯವನ್ನು ತಿದ್ದುವ ಅಧಿಕಾರ ದಿವಾಳಿಯ ನ್ಯಾಯಮಂಡಲಿಗೆ ಇಲ್ಲವೆಂದಿತು. ಹೊಂಡ ಮುಚ್ಚುವ ಪ್ರಶ್ನೆ ಅಲ್ಲಿ ನೇರವಾಗಿ ಇರಲಿಲ್ಲ. ಆದರೂ ಸಾಲಿಗರ ಲೆಕ್ಕದ ಪುಸ್ತಕದೊಳಗೆ ಸೇರದ ಸಂಗತಿಗಳು ಕೆಲವಿವೆಯೆಂಬ ಮಾತು ಆ ತೀರ್ಪಿನಿಂದ ನಿಂತಿತು.

ಬಳ್ಳಾರಿಯ ಉದಾಹರಣೆ ಬೇರೆ ಬಗೆಯದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿ ಗಣಿಗಾರಿಕೆಯನ್ನು ತಡೆದು, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗುತ್ತಿಗೆಗಳನ್ನು ಮೂರು ವರ್ಗ ಮಾಡಿ, ಪ್ರತಿಯೊಂದು ಗಣಿಗೂ ಪುನರುದ್ಧಾರದ ಯೋಜನೆಯನ್ನು ವಿಧಿಸಿ, ಅದಿರಿನ ಮಾರಾಟದ ಹಣದಲ್ಲಿ ಒಂದು ಪಾಲನ್ನು ಮೊದಲೇ ಹಿಡಿದಿಡಿಸಿತು. ಹಣ ಕಂಪೆನಿಯ ಪೆಟ್ಟಿಗೆಗೆ ಹೋಗುವುದಕ್ಕೆ ಮುಂಚೆಯೇ ಭೂಮಿಯ ಪಾಲು ಬೇರೆಯಾದರೆ, ಮುಂದೆ ಕಂಪೆನಿ ದಿವಾಳಿಯಾದರೂ ಆ ಪಾಲಿಗೆ ಸಾಲಿಗರ ಕೈ ತಾಗುವುದಿಲ್ಲ. ದಿವಾಳಿಯ ಬಳಿಕ ಹುಡುಕಿದರೆ ಸಿಕ್ಕದ ಉತ್ತರವು ದಿವಾಳಿಗೆ ಮುಂಚೆ ಸುಲಭವಾಗಿ ದೊರೆಯುತ್ತದೆ. ಬೆಳ್ತಂಗಡಿ ತಾಲೂಕಿನ ಮೂಡಣ ಎಲ್ಲೆಯಾಗಿ ನಿಂತ ಕುದುರೆಮುಖದಲ್ಲಿ 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಕಬ್ಬಿಣದ ಗಣಿ ನಿಂತಿತು. ಅಲ್ಲಿ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ತುಂಬಿ ನಿಂತಿದೆ. ಆ ಕಂಪೆನಿ ದಿವಾಳಿಯಾಗದೆ ಮಂಗಳೂರಿನಲ್ಲಿ ಕೆಲಸ ಮುಂದುವರಿಸಿದ್ದರಿಂದ, ಹೊಣೆ ಯಾರದೆಂದು ಕೇಳಲು ಒಂದು ವಿಳಾಸವಾದರೂ ಉಳಿಯಿತು.

ಇನ್ನು ಮುರಕಲ್ಲಿನ ಕೋರೆಗಳಿಗೆ ಬರಬೇಕು. ಇಲ್ಲಿ ಕಂಪೆನಿಯಿಲ್ಲ, ಸಮಾಪಕನಿಲ್ಲ, ಕೆನಡದ ತೀರ್ಪನ್ನು ಉದಾಹರಿಸುವ ವಕೀಲನೂ ಇಲ್ಲ. ಸಾಲ ಮಾಡಿ ಯಂತ್ರ ಕೊಂಡ ಒಬ್ಬನು ಇನ್ನೊಬ್ಬನ ಪಟ್ಟಾ ಜಾಗದಲ್ಲಿ ಕಲ್ಲು ತೆಗೆಯುತ್ತಾನೆ. ಆತನು ಸೋತರೆ 2016ರ ಸಂಹಿತೆ ಆತನಿಗೆ ಅನ್ವಯಿಸುವುದಿಲ್ಲ. ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಮೂರನೆಯ ಭಾಗವು 2019ರ ಡಿಸೆಂಬರ್ 1ರಿಂದ ಕಂಪೆನಿಗಳಿಗೆ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂದಿತು. ಮಿಕ್ಕವರಿಗೆ 1920ರ ಪ್ರಾಂತೀಯ ದಿವಾಳಿ ಶಾಸನವೇ ಗತಿ. ಅದರ 28ನೆಯ ಕಲಮಿನಂತೆ ಆತನ ಸ್ವತ್ತು ನ್ಯಾಯಾಲಯಕ್ಕೋ ರಿಸೀವರನಿಗೋ ಸೇರುತ್ತದೆ. 44ನೆಯ ಕಲಮಿನಂತೆ, ಬಿಡುಗಡೆ ದೊರೆತರೂ ಸರಕಾರದ ಬಾಕಿ ತೀರುವುದಿಲ್ಲ. ಆದುದರಿಂದ ಆತನಿಗೆ ವಿಧಿಸಿದ ಹಣ ಬಾಕಿಯಾಗಿ ಉಳಿಯುತ್ತದೆ, ಹೊಂಡವೂ ಉಳಿಯುತ್ತದೆ. ಪಾಪರಾದವನ ಹೆಸರಿನಲ್ಲಿ ಬರೆದ ಬಾಕಿಯಿಂದ ಒಂದು ಬುಟ್ಟಿ ಮಣ್ಣೂ ಬೀಳುವುದಿಲ್ಲ.

ಆಗ ಭಾರ ತಿರುಗುವುದು ಪಟ್ಟಾದಾರನ ಕಡೆಗೆ. ಆತನು ಕಲ್ಲಿಗೆ ಇಷ್ಟೆಂದು ಹಣ ಪಡೆದವನು. ಮಲಬಾರಿನ ಜನ್ಮಿ ಭೂಮಿಗಳ ವಿಚಾರದಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಬದ್ಧವಾಗಿ ಕಸಿದುಕೊಳ್ಳದಿದ್ದರೆ ನೆಲದಡಿಯ ಖನಿಜವೂ ನೆಲದೊಡೆಯನದೇ ಎಂದು ಹೇಳಿತು. ಈ ನ್ಯಾಯವನ್ನು ಹಿಡಿದರೆ ಕಲ್ಲು ಆತನದು, ಎಂದಮೇಲೆ ಹೊಂಡವೂ ಆತನದು. ಆದರೆ ಆ ಜಾಗ ಸಹಕಾರಿ ಸಂಘದಲ್ಲಿ ಅಡವಾಗಿದ್ದರೆ ಕಥೆ ಮತ್ತೆ ಮೊದಲಿಗೆ ಬರುತ್ತದೆ: ಹರಾಜಿನಲ್ಲಿ ತೋಟದ ಭಾಗವನ್ನು ಕೊಳ್ಳಲು ಜನ ಬರುತ್ತಾರೆ, ಕೋರೆಯ ಭಾಗಕ್ಕೆ ಯಾರೂ ಕೂಗುವುದಿಲ್ಲ. ರೆಡ್‌ವಾಟರಿನ ಬಾವಿಗಳನ್ನು ವಿಂಗಡಿಸಿದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತದೆ.

2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಕಡಿಮೆಯಾದ ಕಿರುಖನಿಜದ ಕೋರೆಗಳಿಗೂ ಪರಿಸರದ ಅನುಮತಿ ಬೇಕೆಂದು ವಿಧಿಸಿತು. 2015ರ ಫೆಬ್ರವರಿ 10ರಂದು ಮುರಕಲ್ಲು ಪೂರ್ತಿಯಾಗಿ ಕಿರುಖನಿಜಗಳ ಪಟ್ಟಿಗೆ ಸೇರಿ ರಾಜ್ಯದ ನಿಯಮಗಳಿಗೆ ಒಳಪಟ್ಟಿತು. ದೊಡ್ಡ ಖನಿಜಗಳ ವಿಚಾರದಲ್ಲಿ ಕೇಂದ್ರ ಸರಕಾರವು 2003ರಲ್ಲಿಯೇ, ಗಣಿ ಮುಚ್ಚುವ ಖರ್ಚಿಗೆ ಭದ್ರತೆಯಾಗಿ ಮೇಲಿನ ವರ್ಗದ ಗಣಿಗಳಿಂದ ಹೆಕ್ಟೇರಿಗೆ 25,000 ರೂಪಾಯಿ ಪಡೆಯಬೇಕೆಂದು ನಿಯಮಿಸಿತ್ತು. 2017ರ ನಿಯಮಗಳು ಅದನ್ನು 3 ಲಕ್ಷಕ್ಕೆ ಏರಿಸಿದುವು. ಈ ಮೊತ್ತಗಳ ಅರ್ಥವನ್ನು ತಿಳಿಯಲು ಕೋರೆಯೊಂದರ ಅಳತೆಯನ್ನು ಹಿಡಿಯಬಹುದು. ಒಂದು ಹೆಕ್ಟೇರು ಅಗಲ, ಆರು ಮೀಟರು ಆಳದ ಹೊಂಡವೆಂದರೆ 60,000 ಘನಮೀಟರು. ಲಾರಿಯೊಂದಕ್ಕೆ ಐದು ಘನಮೀಟರಿನಂತೆ ಅದನ್ನು ತುಂಬಲು 12,000 ಲಾರಿ ಮಣ್ಣು ಬೇಕು. 25,000 ರೂಪಾಯಿಯ ಭದ್ರತೆಯಲ್ಲಿ ಒಂದು ಲಾರಿಯ ಪಾಲಿಗೆ ಬರುವುದು ಎರಡು ರೂಪಾಯಿ ಚಿಲ್ಲರೆ. 3 ಲಕ್ಷದಲ್ಲಿ 25 ರೂಪಾಯಿ. ತುಂಬುವ ಆಸೆಯನ್ನು ಬಿಟ್ಟು, ಸುತ್ತ ಬೇಲಿ ಹಾಕಿ, ಒಂದು ಬದಿಯನ್ನು ಇಳಿಜಾರು ಮಾಡಿ, ಒತ್ತಿಟ್ಟ ಮೇಲುಮಣ್ಣನ್ನು ಅಡಿಗೆ ಹರಡಿದರೆ ಖರ್ಚು ಬಹಳ ಇಳಿಯುತ್ತದೆ. ಹಾಗೆ ಮಣ್ಣು ಹರಡಿ ಅಡಕೆಸಸಿ ನೆಟ್ಟ ಹಳೆಯ ಕೋರೆಗಳೂ, ನೀರು ನಿಲ್ಲಿಸಿ ಬೇಸಗೆಯಲ್ಲಿ ತೋಟಕ್ಕೆ ಹಾಯಿಸುವ ಕೋರೆಗಳೂ ಈ ಸೀಮೆಯಲ್ಲಿ ಉಂಟು. ಅವು ಒಡೆಯನು ಜಾಗದಲ್ಲಿಯೇ ವಾಸವಾಗಿರುವ, ಸಾಲ ತೀರಿದ ಜಾಗಗಳು.